ಮೊದಲ ವೇಷ

ಬಳ್ಳಾರಿಯಲ್ಲಿ ಓದುತ್ತಿರುವ ಮೊಮ್ಮಗನು ‘ಎಲ್ಡನ್ ರಿಂಗ್’ ಎಂಬ ಕಂಪ್ಯೂಟರ್ ಆಟ ಆರಂಭಿಸುವಾಗ, “ತಾತಾ, ಯಾವ ವೇಷ ತಗೊಳ್ಳಲಿ?” ಎಂದು ಕೇಳಿದನು. 2022ರಲ್ಲಿ ಬಂದ ಈ ಕಠಿಣ ಆಟದಲ್ಲಿ ಆರಂಭಕ್ಕೆ 10 ವೇಷಗಳಿವೆ. ‘ವ್ಯಾಗಬಾಂಡ್’ಗೆ ಕತ್ತಿ, ಗುರಾಣಿ, ಭಾರವಾದ ಕವಚ, ‘ಸಮುರಾಯ್’ಗೆ ಕತ್ತಿಯೊಡನೆ ಬಿಲ್ಲು, ‘ರೆಚ್’ ಎಂಬ ನಿರ್ಗತಿಕನಿಗೆ ಒಂದು ದೊಣ್ಣೆ ಮಾತ್ರ, ಕವಚವೇ ಇಲ್ಲ. ಬರಿಮೈಯಲ್ಲೇ ಗೆಲ್ಲಬೇಕೆಂಬ ಹಟ ಹುಡುಗನದು.

ಸಿರುಗುಪ್ಪ, ಕುರುಗೋಡುಗಳ ಶಾಲೆಗಳಲ್ಲಿ ನಾನು ಕಂಡ ಎಷ್ಟೋ ಮಕ್ಕಳು ಪುಸ್ತಕವಿಲ್ಲದೆ, ಮನೆಯಲ್ಲಿ ಅಕ್ಷರ ಬಲ್ಲವರಿಲ್ಲದೆ ಕಲಿಕೆಗೆ ತೊಡಗಿದವರು. ಬರಿಗೈಯ ಆರಂಭವನ್ನು ಅವರು ಆರಿಸಿಕೊಂಡದ್ದಲ್ಲ. ಕೆಲವರು ಗೆದ್ದರು, ಅನೇಕರು ಮೊದಲ ಪೆಟ್ಟಿಗೇ ಶಾಲೆ ಬಿಟ್ಟರು. ಅವರಲ್ಲಿ ಬುದ್ಧಿಗೆ ಕೊರತೆಯಿರಲಿಲ್ಲ. ಪೆಟ್ಟು ತಡೆಯುವ ಗುರಾಣಿಯಿರಲಿಲ್ಲ.

ಆದುದರಿಂದ ಅವನಿಗೆ ವ್ಯಾಗಬಾಂಡನ ವೇಷವನ್ನೇ ಸೂಚಿಸಿದೆನು. ಗುರಾಣಿ ಹಿಡಿದವನು ಒಮ್ಮೆ ತಪ್ಪಿದರೂ ಉಳಿಯುತ್ತಾನೆ. ಉಳಿದವನಿಗೆ ಎದುರಾಳಿಯ ವರಸೆ ಕಲಿಯಲು ಸಮಯ ಸಿಗುತ್ತದೆ. ಮೊದಲ ವೇಷವೇನೂ ಹಣೆಬರಹವಲ್ಲ. ಮುಂದೆ ಗಳಿಸಿದ ಶಕ್ತಿಯಿಂದ ಕತ್ತಿಯವನೂ ಮಂತ್ರ ಕಲಿಯಬಹುದು.

ಬರಿಗೈಯಲ್ಲಿ ಆರಂಭಿಸಿ ಗೆದ್ದ ನನ್ನ ಶಿಷ್ಯರೇ, ನಿಮ್ಮ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ “ನಾವೂ ಹಾಗೆಯೇ ಕಲಿತೆವು” ಎಂದು ನಿಮ್ಮ ಮಕ್ಕಳ ಕೈಯ ಗುರಾಣಿಯನ್ನು ಕಸಿಯಬೇಡಿ.