ಪದ್ಮಿನಿಯ ಗಾಜಿಗೆ ಹೊಸ ರಬ್ಬರು

ಮುಂಬಯಿಯ ವಾಚಕರಿಗೆ ಪ್ರೀಮಿಯರ್ ಪದ್ಮಿನಿಯ ಪರಿಚಯ ಹೇಳಹೊರಡುವುದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಕುರ್ಲಾದ ಕಾರಖಾನೆಯಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಎಂದು ತಯಾರಾಗುತ್ತಿದ್ದ ಗಾಡಿಯೇ 1974ರಲ್ಲಿ ಪದ್ಮಿನಿಯಾಯಿತು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ಓಡುತ್ತಿದ್ದವುಗಳಲ್ಲಿ ಕೊನೆಯದು 2023ರ ಅಕ್ಟೋಬರಿನಲ್ಲಿ ನಿಮ್ಮ ರಸ್ತೆಗಳಿಂದ ಸರಿಯಿತು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಮನೆಯ ಗಾಡಿಗಾದರೆ ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನೋಂದಣಿಯನ್ನು ಮುಂದುವರಿಸಿಕೊಳ್ಳಬಹುದು.

ಅಪ್ಪ 1997ರಲ್ಲಿ ಕೊಂಡ ಪದ್ಮಿನಿ ದೇವಳಾಲಿ ಕ್ಯಾಂಪಿನ ನಮ್ಮ ಮನೆಯ ಮುಂದೆ ಇನ್ನೂ ನಿಂತಿದೆ. 2027ಕ್ಕೆ ಅದರ ಮುಂದಿನ ಪರೀಕ್ಷೆ. ಎಂಜಿನ್ನಿನ ಚಿಂತೆಯಿಲ್ಲ, ಚಿಂತೆಯೆಲ್ಲ ಕಾಲಡಿಯ ತಗಡಿನದು. ಇಲ್ಲಿಯ ಮಳೆ ಘಟ್ಟದ ಕಡೆಯಿಂದ ಓರೆಯಾಗಿ ಬಂದು ನೇರವಾಗಿ ಮುಂದಿನ ಗಾಜಿಗೆ ಬಡಿಯುತ್ತದೆ. ಎರಡು ಮಳೆಗಾಲದಿಂದ ಅವ್ವ ಗಾಡಿಯಲ್ಲಿ ಕಾಲು ಮೇಲೆ ಮಡಚಿಕೊಂಡೇ ಕೂಡುತ್ತಿದ್ದಳು. “ಗುಜರಿಗೆ ಹಾಕ್ರಿ ಮಾವಾರ” ಎಂದು ನಮ್ಮ ಭಾವನವರು ಹೇಳಿದಾಗ ಅಪ್ಪ ಏನೂ ಅನ್ನಲಿಲ್ಲ. ಎದ್ದು ಹೋಗಿ ಗಾಡಿಯೊಳಗೆ ಇನ್ನೊಂದು ಗೋಣಿಚೀಲ ಹಾಸಿ ಬಂದರು.

ಸೋರಿದರೆ ಮೇಲಿಂದ ಕಪ್ಪು ಅಂಟು ಬಳಿಯುವುದು ಸಾಮಾನ್ಯ ರೂಢಿ. ಅದು ಔಷಧವಲ್ಲ, ರೋಗ ಮುಚ್ಚುವ ಹೊದಿಕೆ. ಒಂದು ಕಡೆ ಹೊಕ್ಕ ನೀರಿಗೆ ಇನ್ನೊಂದು ಕಡೆ ಹೊರಬೀಳುವ ದಾರಿಯೂ ಮುಚ್ಚಿಹೋಗಿ, ರಬ್ಬರಿನ ಕೆಳಗಿನ ತಗಡಿನ ಅಂಚನ್ನು ಅದು ಕೂತಲ್ಲೇ ತಿನ್ನುತ್ತದೆ. ರಬ್ಬರು ಕೆಡುವುದಾದರೂ ಏಕೆ? ನೈಸರ್ಗಿಕ ರಬ್ಬರಿನ ಉದ್ದನೆಯ ಅಣುಗಳಲ್ಲಿ ಜೋಡಿಬಂಧಗಳಿರುತ್ತವೆ. ಗಾಳಿಯಲ್ಲಿನ ಅಲ್ಪಸ್ವಲ್ಪ ಓಜೋನ್ ಆ ಬಂಧಗಳನ್ನೇ ಕಡಿಯುತ್ತದೆ, ರಬ್ಬರು ಎಳೆದುಕೊಂಡಿರುವಲ್ಲಿ ಬಿರುಕು ಬೇಗ ಏಳುತ್ತದೆ. ಆದ್ದರಿಂದಲೇ ಗಾಜಿನ ಮೂಲೆಗಳು ಮೊದಲು ಬಾಯಿಬಿಡುವುದು. ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರಿನ ಅಣುಸರಪಳಿಯ ಬೆನ್ನಿನಲ್ಲಿ ಈ ಜೋಡಿಬಂಧಗಳಿಲ್ಲ, ಅದು ಬಾಳುತ್ತದೆ. ಬಿ.ಎಸ್ಸಿ.ಯಲ್ಲಿ ಓದಿದ ರಸಾಯನಶಾಸ್ತ್ರ ಕಚೇರಿಯ ಕಡತಗಳಲ್ಲಿ ಎಂದೂ ಉಪಯೋಗಕ್ಕೆ ಬಂದಿರಲಿಲ್ಲ, ಅಂಗಡಿಯ ಕಟ್ಟೆಯ ಮುಂದೆ ನಿಂತಾಗ ಬಂತು.

ಹಳೆಯ ರಬ್ಬರನ್ನು ಒಳಗಿನಿಂದ ಕೊಯ್ದು, ಇಬ್ಬರೂ ಹಿಡಿದು ಗಾಜನ್ನು ಹೊರತೆಗೆದು ಕಂಬಳಿಯ ಮೇಲೆ ಮಲಗಿಸಿದೆವು. ಗಾಜಿನ ಅಂಚಿಗೆ ಕಲ್ಲು ತಾಗಕೂಡದು. ಹೊಳೆಯುತ್ತಿದ್ದ ಬಣ್ಣದ ಕೆಳಗೆ, ಎಡಮೂಲೆಯಲ್ಲಿ, ತಗಡು ಹಪ್ಪಳದಂತೆ ಪದರುಪದರಾಗಿ ಎದ್ದಿತ್ತು. ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿದರೆ ಒಂದು ರೂಪಾಯಿ ನಾಣ್ಯದಷ್ಟು ತೂತು! ಅಪ್ಪ ಅದನ್ನೇ ಬಹಳ ಹೊತ್ತು ನೋಡುತ್ತ ನಿಂತರು. ಬೆಸುಗೆಯವನು ಬಂದು ತುಂಡು ತಗಡು ಕೂಡಿಸಿಹೋದ. ಆಮೇಲೆ ಎಮರಿ ಕಾಗದ, ರೆಡ್ ಆಕ್ಸೈಡ್, ಬಣ್ಣ, ಒಣಗಲು ಎರಡು ದಿನ. ಕೆಲಸದ ಮುಕ್ಕಾಲು ಪಾಲು ಇದೇ, ರಬ್ಬರು ಹಾಕುವುದು ಉಳಿದ ಕಾಲು ಪಾಲು.

ಹೊಸ ರಬ್ಬರನ್ನು ಗಾಜಿನ ಸುತ್ತ ತೊಡಿಸಿ, ತಗಡು ಕೂಡಬೇಕಾದ ಅದರ ಹೊರಗಿನ ಸೀಳಿನಲ್ಲಿ ನೈಲಾನ್ ಹುರಿಯನ್ನು ಒಂದು ಸುತ್ತು ಕೂಡಿಸಿ, ಎರಡೂ ತುದಿಗಳನ್ನು ಕೆಳಗೆ ನಡುವಿನಲ್ಲಿ ಗಾಡಿಯೊಳಕ್ಕೆ ಬಿಡಬೇಕು. ಅಂಚಿಗೆ ಸಾಬೂನಿನ ನೀರು. ಎಣ್ಣೆ, ಗ್ರೀಸು ಬೇಡವೇ ಬೇಡ, ರಬ್ಬರು ಉಬ್ಬುತ್ತದೆ. ಒಬ್ಬ ಒಳಗೆ ಕುಳಿತು ಹುರಿ ಎಳೆದಂತೆ ರಬ್ಬರಿನ ತುಟಿ ತಗಡನ್ನು ಹತ್ತಿ ಒಳಬರುತ್ತದೆ. ಅದೇ ಜಾಗವನ್ನು ಇನ್ನೊಬ್ಬ ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಿರಬೇಕು.

“ನೀ ಒಳಗ ಜಗ್ಗು, ನಾ ಒತ್ತತೀನಿ” ಎಂದರು ಅಪ್ಪ.

ಅವರಿಗೀಗ ಎಪ್ಪತ್ತೊಂಬತ್ತು. “ಬ್ಯಾಡ್ರೀ, ಕೈ ನಡಗತಾವು” ಎಂದು ಅವ್ವ ಬಾಗಿಲಲ್ಲೇ ನಿಂತು ಹೇಳಿದಳು. ನಡುಗುವ ಕೈ ಹೌದು, ಆದರೆ ಎಲ್ಲಿ ಎಷ್ಟು ಒತ್ತಬೇಕೆಂಬುದು ಆ ಕೈಗೆ ಗೊತ್ತಿತ್ತು. ಗಾಜಿನ ಆಚೆ ಅವರು, ಈಚೆ ನಾನು, ನಡುವೆ ಒಂದು ಗೇಣಿನಷ್ಟು ದೂರ. ಮೂಲೆ ಬಂದಾಗಲೆಲ್ಲ ಬೆರಳಿನಿಂದ ಎರಡು ಸಲ ತಟ್ಟುವರು, ನಿಧಾನ ಎಂದರ್ಥ. ಇಲ್ಲಿಯ ತೋಪಖಾನೆ ಶಾಲೆಯ ತೋಪುಗಳು ದೂರದಲ್ಲಿ ಹಾರತೊಡಗಿದವು. ಮನೆಯ ಕಿಟಕಿಗಳು ಎಂದಿನಂತೆ ಗಡಗಡ ಅಂದವು, ಗಾಡಿಯ ಗಾಜು ಸದ್ದು ಮಾಡಲಿಲ್ಲ.

ಒಳಗೆಲ್ಲ ಒಣ ಸುದ್ದಿಪತ್ರಿಕೆ ಹಾಸಿ, ಪೈಪಿನಿಂದ ಅರ್ಧ ಗಂಟೆ ನೀರು ಬಿಟ್ಟೆವು. ಕಾಗದದಷ್ಟು ಚಾಡಿಕೋರ ಬೇರೆ ಇಲ್ಲ, ಒಂದು ಹನಿಯನ್ನೂ ಬಚ್ಚಿಡುವುದಿಲ್ಲ. ಎಡಗಡೆ ಒಣಗಿತ್ತು, ನಡುವೆ ಒಣಗಿತ್ತು. ಬಲಗಡೆ ಮಾತ್ರ ಕಡಲೆಬೇಳೆಯಷ್ಟು ಒದ್ದೆ. ಅಪ್ಪ ಟಾರ್ಚು ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತಲೆಯಿಟ್ಟು ಹುಡುಕಿದರು. ಗಾಜಿನದಲ್ಲ, ವೈಪರಿನ ಬುಡದ ವಾಷರಿನದು. ಚಪ್ಪಲಿ ಮೆಟ್ಟಿಕೊಂಡು ಆಗಲೇ ಅಂಗಡಿಗೆ ಹೊರಟರು.