ಒಂಬತ್ತು ಜನ ಎಲ್ಲಿ ಹೋದರು?

ನಮ್ಮ ಮಾಮು ಅವರ ಪೈಪು, ಪಂಪ್‌ಸೆಟ್ ಅಂಗಡಿಯ ಸಾಲದ ಲೆಕ್ಕ ಪುಸ್ತಕದಲ್ಲೂ ಇದೆ, ಕಂಪ್ಯೂಟರಿನಲ್ಲೂ ಇದೆ. ಗಿರಾಕಿಗಳು ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರು. ರಂಜಾನ್‌ಗೆ ಮುಂಚೆ ಬಾಕಿ ವಸೂಲಿಗೆಂದು ಊರುವಾರು ಪಟ್ಟಿ ತೆಗೆದಾಗ ಹನೂರು, ಯಳಂದೂರು ಸರಿಯಾಗಿ ತಾಳೆಯಾದವು. ಕೊಳ್ಳೇಗಾಲಕ್ಕೆ ಪುಸ್ತಕದಲ್ಲಿ 23 ಜನ, ಕಂಪ್ಯೂಟರಿನಲ್ಲಿ 14. ಕಡಿಮೆ ಬಿದ್ದ ಹಣ 41,600 ರೂಪಾಯಿ.

ಲೆಕ್ಕ ತುಂಬುವ ಅಣ್ಣನನ್ನು ಮಾಮು ಕರೆದು, “ಒಂಬತ್ತು ಜನರ ದುಡ್ಡು ಎಲ್ಲಪ್ಪಾ?” ಎಂದರು. ಗದರಲಿಲ್ಲ. ಆದರೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾರನೇ ದಿನದಿಂದ ಅವರು ಕೆಲಸಕ್ಕೆ ಬರಲಿಲ್ಲ.

ಆ ಪ್ರೋಗ್ರಾಂ ಲೆಕ್ಕ ಇಡುವುದು ಎಸ್‌ಕ್ಯೂಲೈಟ್‌ನಲ್ಲಿ. 2000ದಲ್ಲಿ ರಿಚರ್ಡ್ ಹಿಪ್ ಎಂಬುವರು ಹೊರತಂದ ಲೈಬ್ರರಿ ಅದು, ನಮ್ಮ ಮೊಬೈಲುಗಳಲ್ಲೂ ಇರುತ್ತದೆ. ಸರ್ವರ್ ಬೇಡ, ಎಲ್ಲ ಒಂದೇ ಫೈಲಿನಲ್ಲಿ. ಕ್ಲಾಸಿನಲ್ಲಿ ಕಲಿತ ಎಸ್‌ಕ್ಯೂಎಲ್ ಸಾಕಾಯಿತು. ಮೊದಲು ಊರಿನ ಷರತ್ತು ತೆಗೆದು ಎಲ್ಲ ಸಾಲು ಎಣಿಸಿದೆ. ಪುಸ್ತಕದಷ್ಟೇ ಇದ್ದವು! ಅಂದರೆ ಯಾರೂ ಏನೂ ಅಳಿಸಿಲ್ಲ. ಆಮೇಲೆ ಗ್ರೂಪ್ ಬೈ ಹಾಕಿದೆ. ಮೂರು ಊರಿಗೆ ನಾಲ್ಕು ಸಾಲು ಬಂದವು, ಕೊಳ್ಳೇಗಾಲ ಎರಡು ಸಲ. ಕಣ್ಣಿಗೆ ಎರಡೂ ಒಂದೇ. ಕೊನೆಯಲ್ಲಿ ಖಾಲಿ ಜಾಗ ಸೇರಿರಬಹುದೆಂದು ಟ್ರಿಮ್ ಮಾಡಿದರೂ ಎರಡೇ. ಲೆಂಗ್ತ್ ಕೇಳಿದಾಗ ಗೊತ್ತಾಯಿತು: ಒಂದಕ್ಕೆ 9, ಇನ್ನೊಂದಕ್ಕೆ 10.

ಮನೆಯಲ್ಲಿ ಉರ್ದು ಮಾತಾಡುವ ನನಗೆ ಕಾಗುಣಿತ ಬಾಯಿಪಾಠವಾಗಲು ಒಂದು ವರ್ಷ ಬೇಕಾಗಿತ್ತು. ಅದು ಇಲ್ಲಿ ಉಪಯೋಗಕ್ಕೆ ಬಂತು. ‘ಕೊ’ದ ಒತ್ವಕ್ಕೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಿದೆ. ಎತ್ವ ಹಾಕಿ, ಮೇಲೆ ಕೊಂಬಿನ ದೀರ್ಘ ಒತ್ತಿದರೂ ಅದೇ ‘ಕೊ’ ಕಾಣುತ್ತದೆ. ಯೂನಿಕೋಡ್ ನಿಯಮದಲ್ಲಿ ಎರಡೂ ಸಮಾನ, ಆದರೆ ಎಸ್‌ಕ್ಯೂಲೈಟ್ ಬೈಟುಗಳನ್ನು ಮಾತ್ರ ಹೋಲಿಸುತ್ತದೆ. ಹನೂರು, ಯಳಂದೂರು ಹೆಸರುಗಳಲ್ಲಿ ಹೀಗೆ ಒಡೆಯುವ ಚಿಹ್ನೆಯೇ ಇಲ್ಲ. ನಮ್ಮೂರಿನ ಹೆಸರಿನಲ್ಲಿ ಎರಡಿವೆ, ‘ಳ್ಳೇ’ ಕೂಡ ಇಂಥದ್ದೇ!

ಅಣ್ಣನಿಗೆ ಫೋನ್ ಮಾಡಿ ಕೇಳಿದೆ. ಹಳೇ ಕೀಬೋರ್ಡಿನಲ್ಲಿ ಒತ್ವದ ಕೀ ಕೆಟ್ಟಿತ್ತಂತೆ. ಎರಡು ಕೀ ಒತ್ತಿ ‘ಕೊ’ ಮಾಡಿಕೊಂಡಿದ್ದರಂತೆ. ಹೊಸ ಕೀಬೋರ್ಡ್ ಬಂದ ಮೇಲೆ ಒಂದೇ ಕೀ.

ಪೈಥಾನ್‌ನಲ್ಲಿ ಊರಿನ ಕಾಲಮ್ಮನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ ತಂದೆ. 23 ಜನ ಬಂದರು, ಹಣವೂ ಕೂಡಿತು. ಮಾಮು ಪಟ್ಟಿಯನ್ನು ಎರಡು ಸಲ ಓದಿ, ಏನೂ ಹೇಳದೆ ಬೈಕ್ ತೆಗೆದುಕೊಂಡು ಅಣ್ಣನ ಮನೆಗೆ ಹೋದರು. ಸಂಜೆ ಇಬ್ಬರೂ ಒಟ್ಟಿಗೆ ಬಂದರು.

ಈಗ ಊರನ್ನು ಯಾರೂ ಟೈಪ್ ಮಾಡುವುದಿಲ್ಲ, ಪಟ್ಟಿಯಿಂದ 1, 2, 3 ಎಂದು ಆರಿಸುತ್ತಾರೆ. ಗಿರಾಕಿಗಳ ಹೆಸರಿನಲ್ಲೂ ಒತ್ವ ಇರುವವು ಎಷ್ಟೋ ಇವೆ. ಅವನ್ನು ಈ ಭಾನುವಾರ ಅಣ್ಣನೂ ನಾನೂ ಕೂತು ನೋಡಬೇಕು.