ಕಪ್ಪು ಹೊದಿಕೆ, ಹೊಸ ಕಂಠ

ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ರಾಕ್ ಸಂಗೀತದ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಾದರೂ ಕೇಳಬಹುದು. ನಾಗವರ್ಮನ ‘ಕರ್ನಾಟಕ ಕಾದಂಬರಿ’ಯನ್ನು ಪಾಠ ಮಾಡುವಾಗಲೆಲ್ಲ ನನಗೆ ಆಸ್ಟ್ರೇಲಿಯಾದ ಎಸಿ/ಡಿಸಿ ತಂಡದ ‘ಬ್ಯಾಕ್ ಇನ್ ಬ್ಲ್ಯಾಕ್’ ಎಂಬ ಆಲ್ಬಮ್ ನೆನಪಾಗುತ್ತದೆ. ನಾಗವರ್ಮನಿಗೆ ಆಕರವಾದ ಸಂಸ್ಕೃತ ಕಾದಂಬರಿಯನ್ನು ಬಾಣಭಟ್ಟ ಮುಗಿಸಲಿಲ್ಲ. ತಂದೆ ತೀರಿಕೊಂಡ ಮೇಲೆ ಮಗ ಉತ್ತರಭಾಗವನ್ನು ಬರೆದ. ಕವಿಯೆಂಬ ಗರ್ವದಿಂದ ಈ ಕೆಲಸಕ್ಕೆ ಕೈಹಾಕಿದವನಲ್ಲವೆಂದು ಆರಂಭದಲ್ಲಿಯೇ ಅರಿಕೆ ಮಾಡಿಕೊಂಡ.

ಎಸಿ/ಡಿಸಿಯ ಗಾಯಕ ಬಾನ್ ಸ್ಕಾಟ್ 1980ರ ಫೆಬ್ರುವರಿ 19ರಂದು ಲಂಡನ್ನಿನಲ್ಲಿ ತೀರಿಕೊಂಡರು. ವಯಸ್ಸು 33. ಹಿಂದಿನ ವರ್ಷದ ‘ಹೈವೇ ಟು ಹೆಲ್’ ತಂಡಕ್ಕೆ ಅಮೆರಿಕದ ಬಾಗಿಲನ್ನು ತೆರೆದಿತ್ತಷ್ಟೆ. ಅವರ ಜಾಗಕ್ಕೆ ಬಂದವರು ಇಂಗ್ಲೆಂಡಿನ ಈಶಾನ್ಯ ಭಾಗದ ಬ್ರಯನ್ ಜಾನ್ಸನ್. ಈತನ ಹಾಡುಗಾರಿಕೆಯನ್ನು ಹಿಂದೊಮ್ಮೆ ಕೇಳಿ, ಗೆಳೆಯರ ಮುಂದೆ ಹೊಗಳಿದ್ದವರು ಸ್ವತಃ ಸ್ಕಾಟ್! ಬಹಾಮಾಸ್ ದ್ವೀಪದಲ್ಲಿ ಧ್ವನಿಮುದ್ರಣ ನಡೆದು, ಜುಲೈ 25ಕ್ಕೆ ಆಲ್ಬಮ್ ಹೊರಬಂದಿತು. ಸಾವಿಗೂ ಹಾಡಿಗೂ ನಡುವೆ ಐದು ತಿಂಗಳು, ಆರು ದಿನ.

ಮೊದಲ ಹಾಡು ‘ಹೆಲ್ಸ್ ಬೆಲ್ಸ್’ ಆರಂಭವಾಗುವುದು ಗಂಟೆಯ ನಾದದಿಂದ. ನಮಗೆ ಗಂಟೆಯೆಂದರೆ ಮೊದಲು ನೆನಪಾಗುವುದು ಪೂಜೆ. ಇಂಗ್ಲೆಂಡಿನ ಊರುಗಳಲ್ಲಿ ಚರ್ಚಿನ ಗಂಟೆ ಸಾವನ್ನೂ ಸಾರುತ್ತದೆ. ಲಫ್‌ಬರೋ ಪಟ್ಟಣದ ಗೋಪುರವೊಂದರ ಗಂಟೆಯನ್ನು ಮುದ್ರಿಸಿಕೊಳ್ಳಲು ಹೋದಾಗ ಹಕ್ಕಿಗಳ ರೆಕ್ಕೆಯ ಸದ್ದು ಸೇರಿ ಪ್ರಯತ್ನ ಕೆಟ್ಟಿತಂತೆ. ಕಡೆಗೆ ಅದೇ ಊರಿನ ಎರಕದ ಕಾರ್ಖಾನೆಯಲ್ಲಿ ತಂಡಕ್ಕಾಗಿಯೇ ಎರೆದ ಸುಮಾರು ಒಂದು ಟನ್ ತೂಕದ ಕಂಚಿನ ಗಂಟೆಯ ನಾದವನ್ನು ಹಿಡಿದಿಟ್ಟರು. ಗಂಟೆ ಮೊಳಗುತ್ತಿರುವಾಗಲೇ ಗಿಟಾರ್ ಮೆಲ್ಲನೆ ಬಂದು ಸೇರುತ್ತದೆ. ಗಾಯಕ ಬರುವುದು ಬಹಳ ತಡವಾಗಿ. ಹೊಸಬನೊಬ್ಬ ಇದಕ್ಕಿಂತ ಗೌರವದಿಂದ ಸಭೆಯನ್ನು ಪ್ರವೇಶಿಸಿದ್ದನ್ನು ನಾನು ಕೇಳಿಲ್ಲ.

ಹೊದಿಕೆ ಪೂರ್ತಿ ಕಪ್ಪು, ಶೋಕದ ಕಪ್ಪು. ಕಂಪನಿಯವರು ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ತಂಡದ ಹೆಸರಿನ ಸುತ್ತ ತೆಳುವಾದ ಬೂದುಗೆರೆ ಎಳೆಸಿದ ಮೇಲೆಯೇ ಸುಮ್ಮನಾದರು. ಒಳಗಿನ ಹತ್ತು ಹಾಡುಗಳಲ್ಲಿ ಬಾನ್ ಎಂಬ ಹೆಸರು ಒಮ್ಮೆಯೂ ಬರುವುದಿಲ್ಲ. ಶೀರ್ಷಿಕೆಯ ಹಾಡನ್ನು ಬರೆಯುವಾಗ ಗೋಳಾಟ ಬೇಡ, ಸಂಭ್ರಮವಿರಲಿ ಎಂದು ಜೊತೆಗಾರರು ಜಾನ್ಸನ್ನರಿಗೆ ಹೇಳಿದ್ದರು. ಆದ್ದರಿಂದ ದುಃಖವನ್ನೆಲ್ಲ ಗಂಟೆಯೂ ಹೊದಿಕೆಯೂ ಹೊತ್ತುಕೊಂಡವು. ಪದಗಳಿಗೆ ಆ ಭಾರವಿಲ್ಲ. (ಪದಗಳಲ್ಲಿ ಕೆಲವು ಒರಟು ಶೃಂಗಾರದವು, ತರಗತಿಯಲ್ಲಿ ವ್ಯಾಖ್ಯಾನಿಸತಕ್ಕವಲ್ಲ.)

ಸ್ಕಾಟ್ ಅವರದು ತುಂಟನೊಬ್ಬ ಕಣ್ಣು ಮಿಟುಕಿಸುತ್ತ ಕತೆ ಹೇಳುವಂಥ ಕಂಠ. ಜಾನ್ಸನ್ನರದು ತಾರಸ್ಥಾಯಿಯಲ್ಲಿಯೇ ನಿಂತ, ಗರಗಸದಂತೆ ಕೊಯ್ಯುವ ದನಿ. ಅನುಕರಣೆಯ ಯತ್ನವೇ ಅಲ್ಲಿಲ್ಲ. ಯಂಗ್ ಸಹೋದರರ ಗಿಟಾರ್ ಬದಲಾಗಲಿಲ್ಲ. ಮೃದಂಗದವರು ಬದಲಾಗದೆ ಗಾಯಕರು ಮಾತ್ರ ಬದಲಾದ ಕಛೇರಿಯಂತೆ.

ಇದು ನನ್ನನ್ನು ಕಾಡುವುದಕ್ಕೆ ಕಾರಣವಿದೆ. ನಾನು ಅಧ್ಯಾಪಕನಾದದ್ದು ವರ್ಷದ ನಡುವೆ ತೀರಿಕೊಂಡ ಹಿರಿಯರೊಬ್ಬರ ಸ್ಥಾನಕ್ಕೆ. ಕಾದಂಬರಿಯ ಪಾಠ ಅರ್ಧಕ್ಕೆ ನಿಂತಿತ್ತು. ಅವರು ಕಂದಪದ್ಯಗಳನ್ನು ರಾಗವಾಗಿ ಹಾಡುತ್ತಿದ್ದರು. ನಾನು ಅರ್ಧ ಮರಾಠಿ, ಅರ್ಧ ಕನ್ನಡ ಶಾಲೆಯಲ್ಲಿ ಓದಿದವನು. ನನ್ನ ಉಚ್ಚಾರದಲ್ಲಿ ಮರಾಠಿಯ ಏರಿಳಿತವಿತ್ತು. ಎರಡನೆಯ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ಅವರಂಗ ಹಾಡಿ ಹೇಳ್ರಿ,” ಎಂದಳು. “ಅದು ಅವರದವ್ವಾ, ನನಗ ಬರೂದಿಲ್ಲ,” ಎಂದೆ. ಪದ್ಯವನ್ನು ಗದ್ಯದಂತೆ, ಪದ ಬಿಡಿಸಿ, ನಿಧಾನವಾಗಿ ಓದಿದೆ. ಆಕೆ ತಲೆ ತಗ್ಗಿಸಿ ಬರೆದುಕೊಳ್ಳತೊಡಗಿದಳು. ಅಳುತ್ತಿದ್ದಳೆಂಬುದು ಆಮೇಲೆ ತಿಳಿಯಿತು. ಪಾಠ ಮುಂದುವರಿಯಿತು.

ಸಾಧ್ಯವಾದರೆ 1979ರ ಆಲ್ಬಮನ್ನು ಮೊದಲು ಕೇಳಿ, ಅನಂತರ 1980ರದನ್ನು. ಜಾನ್ಸನ್ ವೇದಿಕೆಯ ಮೇಲೆ ಸ್ಕಾಟ್ ಅವರ ಹಾಡುಗಳನ್ನೂ ಹಾಡುತ್ತ ಬಂದಿದ್ದಾರೆ, ತಮ್ಮದೇ ಗರಗಸದ ದನಿಯಲ್ಲಿ.